ಆ ಶುಕ್ರವಾರ ಗೊರ್ಗೊ ಎಲ್ಲಿದ್ದ

ನನ್ನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ನಮ್ಮೂರು ಲಾರಂತುಕಾದ ಮೀನು ಮಾರುಕಟ್ಟೆಯಲ್ಲಿ ಯಾರನ್ನು ಕೇಳಿದರೂ ಈ ತಾರ್ಸಿಯ ಬಗ್ಗೆ ಮೊದಲು ಸಿಗುವ ಸುದ್ದಿ ಅದೇ. ಅಂಥ ನಾನು ಒಂದು ಮಾತನ್ನು ಹತ್ತೊಂಬತ್ತು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ ಎಂದರೆ ನಂಬುತ್ತೀರಾ? ನನ್ನ ಗಂಡ ಗೊರ್ಗೋನಿಯುಸ್, ಊರಿಗೆಲ್ಲ ಗೊರ್ಗೊ, ಮಣ್ಣಾಗಿ ಎರಡು ವರ್ಷವಾಯಿತು. ಆ ಮಾತು ನನಗೆ ಗೊತ್ತಿದೆ ಎನ್ನುವುದು ಅವನಿಗೆ ಕೊನೆಯವರೆಗೂ ಗೊತ್ತಿರಲಿಲ್ಲ. ಇನ್ನು ಹೇಳಿದರೆ ಅವನಿಗೇನೂ ನಷ್ಟವಿಲ್ಲ ಎಂದು ಫಾದರ್ ಅಂದ ಮೇಲೆಯೇ ಬಾಯಿ ಬಿಡುತ್ತಿದ್ದೇನೆ.

ಅವನು ಐಸ್ ಹೊರುವವನು. ಬಂದರಿನ ಪಕ್ಕದ ಐಸ್ ಕಾರ್ಖಾನೆಯಿಂದ ದಿಮ್ಮಿ ದಿಮ್ಮಿ ಐಸನ್ನು ಎಡಭುಜದ ಮೇಲೆ ಹೊತ್ತು ದೋಣಿಗಳಿಗೆ ತಲುಪಿಸುವುದು ಅವನ ಕೆಲಸ. ಬೆಳಗಿನ ಹೊತ್ತು, ಎದುರಿನ ಅದೊನಾರಾ ದ್ವೀಪ ಇನ್ನೂ ನಿದ್ದೆಗಣ್ಣಲ್ಲಿ ನೀರಿನ ಮೇಲೆ ತೇಲುತ್ತಿರುವ ಹಾಗೆ ಕಾಣುವಾಗ, ಅವನು ರಾಗ ತಪ್ಪಿ ಏನೋ ಗುನುಗುತ್ತ ದೋಣಿಯ ಹಲಗೆಯ ಮೇಲೆ ನಡೆದು ಬರುತ್ತಿದ್ದ. ಐಸಿನಿಂದ ಬಿಳಿ ಹಬೆ ಎದ್ದು ಅವನ ತಲೆ ಮುಚ್ಚಿಹೋಗುತ್ತಿತ್ತು. ತಲೆಯಿಲ್ಲದ ಒಬ್ಬ ಮನುಷ್ಯ ಮೋಡ ಹೊತ್ತು ನಡೆಯುತ್ತಿದ್ದಾನೆ ಅನ್ನಿಸುತ್ತಿತ್ತು. ನಾನು ಅವನನ್ನು ಮೊದಲು ನೋಡಿದ್ದೂ ಹಾಗೆಯೇ. ಮುಖ ನೋಡುವ ಮೊದಲೇ ಮನಸ್ಸು ಕೊಟ್ಟೆ. ನನ್ನ ತಾಯಿ ಇದಕ್ಕೆ ಬಹಳ ದಿನ ಬೈದಳು.

ಕೆಲಸ ಮುಗಿದ ಮೇಲೆ ನೆಲದ ಮೇಲೆ ಬಿದ್ದ ಐಸಿನ ಚೂರುಗಳನ್ನು ಅವನು ಬಳಿದು, ಐಸ್ ಕೊಳ್ಳಲಾಗದ ಮುದುಕಿಯರ ಮೀನುಬುಟ್ಟಿಗಳಲ್ಲಿ ಅವರು ಬರುವ ಮೊದಲೇ ತುಂಬಿಟ್ಟು ಬರುತ್ತಿದ್ದ. ಮುದುಕಿಯರು ಅದನ್ನು ಕಾರ್ಖಾನೆಯ ಮೇಸ್ತ್ರಿಯ ದೊಡ್ಡ ಮನಸ್ಸು ಅಂದುಕೊಂಡರು. ಒಂದು ಕ್ರಿಸ್ಮಸ್‌ಗೆ ಎಲ್ಲರೂ ಸೇರಿ ಮೇಸ್ತ್ರಿಗೆ ಒಂದು ಹುಂಜ ಕೊಟ್ಟರು. ಆ ಪುಣ್ಯಾತ್ಮ ಕಣ್ಣು ಮಿಟುಕಿಸದೆ ತೆಗೆದುಕೊಂಡು ತಿಂದ!

ನನಗೆ ಮೈಯೆಲ್ಲ ಉರಿದುಹೋಯಿತು. ಮಗಳ ಹೆಸರಿನಿಂದಲೇ ಗಂಡನನ್ನು ಕರೆಯುವುದು ನನ್ನ ರೂಢಿ. "ಡೆಲ್ಫಿ ಅಪ್ಪಾ, ಆ ಹುಂಜ ನಮ್ಮ ಮನೆಗೆ ಬರ್ಬೇಕಿತ್ತು. ಹೋಗಿ ಹೇಳು, ಐಸ್ ಹಾಕ್ತಿರೋದು ನಾನು ಅಂತ."

"ಹುಂಜ ಚೆನ್ನಾಗಿತ್ತಂತೆ ಕಣೆ," ಅಂದ ಅವನು. "ಸ್ವಲ್ಪ ಖಾರ ಜಾಸ್ತಿ ಆಯ್ತಂತೆ, ಅಷ್ಟೆ."

ಇಂಥವನ ಜೊತೆ ಜಗಳವಾದರೂ ಹೇಗೆ ಆಡುವುದು? ಒಂದು ಕೈಯಲ್ಲಿ ಚಪ್ಪಾಳೆ ಬರುವುದಿಲ್ಲ. ನಾನು ಮಾತ್ರ ಪ್ರಯತ್ನ ಬಿಡಲಿಲ್ಲ.

ಮಕ್ಕಳ ವಿಷಯದಲ್ಲೂ ಅವನದು ಇದೇ ದಾರಿ. ನಮ್ಮ ದೊಡ್ಡ ಮಗಳು ಡೆಲ್ಫಿನಾ, ಮನೆಯಲ್ಲಿ ಡೆಲ್ಫಿ. ಅವಳ ಕೆಳಗೆ ಇಬ್ಬರು ಸಣ್ಣವರು. ಒಮ್ಮೆ ಮನೆಯ ಫ್ಲಾಸ್ಕ್ ಒಡೆದು ಬಿದ್ದಿತ್ತು. ಡೆಲ್ಫಿಯೇ ಒಡೆದಳೆಂದು ಅವನು ಅವಳ ಕೈಗೆ ಒಂದು ಪೆಟ್ಟು ಕೊಟ್ಟ. ಆಮೇಲೆ ನೋಡಿದರೆ ಬೆಕ್ಕಿನ ಕೆಲಸ. ಸರಿ, ಮಕ್ಕಳಿಗೆ ಒಂದು ಪೆಟ್ಟು ಹೆಚ್ಚು ಬಿದ್ದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂದು ನಾನಂದೆ. ಅವನು ಕೇಳಲಿಲ್ಲ. ಊಟಕ್ಕೆ ಮೊದಲು, ಪ್ರಾರ್ಥನೆ ಶುರುವಾಗುವ ಹೊತ್ತಿಗೆ, ಎಂಟು ವರ್ಷದ ಹುಡುಗಿಯ ಮುಂದೆ ಮಂಡಿಯೂರಿ, "ಓವಾ, ತಪ್ಪು ನಂದು. ನೀನು ಕ್ಷಮಿಸೋವರೆಗೂ ನಾನು ದೇವರ ಹತ್ರ ಏನೂ ಕೇಳೋ ಹಾಗಿಲ್ಲ," ಅಂದ. ಓವಾ ಎಂದರೆ ನಮ್ಮಲ್ಲಿ ಹೆಣ್ಣುಮಕ್ಕಳನ್ನು ಮುದ್ದಿನಿಂದ ಕರೆಯುವ ಮಾತು. ಆ ಹುಡುಗಿಗೆ ಗಾಬರಿಯಾಗಿ ಅಳು ಬಂತು. ನನಗೆ ಅನ್ನ ಆರಿಹೋಗುತ್ತದೆಂದು ಸಿಟ್ಟು ಬಂತು.

ಇನ್ನೊಂದು ಸಲ ಡೆಲ್ಫಿ ತನ್ನ ಹೊಸ ಚಪ್ಪಲಿಯನ್ನು ಶಾಲೆಯ ಬಡ ಹುಡುಗಿಗೆ ಕೊಟ್ಟು ಬರಿಗಾಲಲ್ಲಿ ಬಂದಳು. ಓಣಿಯ ತುದಿಯಿಂದಲೇ ಕೂಗುತ್ತ ಬಂದಳು, "ಅಮ್ಮಾ, ನಾನು ಚಪ್ಪಲಿ ಕೊಟ್ಬಿಟ್ಟೆ! ಸಿಸ್ಟರ್ ಎಲ್ಲರ ಮುಂದೆ ಚಪ್ಪಾಳೆ ಹೊಡೆಸಿದ್ರು!" ನನಗೆ ಎದೆ ಉಬ್ಬಿ ಬೇಲಿಯ ಆಚೆಯ ಮೊಡೆಸ್ತಾಳಿಗೆ ಕೇಳುವ ಹಾಗೆ ಹೊಗಳಿದೆ. ಗೊರ್ಗೊ ಮಾತ್ರ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಅವಳ ಪಾದದ ಮಣ್ಣು ಒರೆಸುತ್ತ ಹೇಳಿದ:

"ಕೊಟ್ಟಿದ್ದು ಒಳ್ಳೇದು. ಆದ್ರೆ ದಾರೀಲಿ ವಾಪಸ್ ಇಸ್ಕೊಂಡು ಬಂದ್ಬಿಟ್ಯಲ್ಲ."

"ಇಲ್ಲಪ್ಪಾ, ಚಪ್ಪಲಿ ಅವಳ ಹತ್ರಾನೇ ಇದೆ."

"ಚಪ್ಪಲಿ ಅವಳ ಹತ್ರ ಇದೆ. ಉಳಿದಿದ್ದೆಲ್ಲ ನೀನೇ ಇಸ್ಕೊಂಡೆ. ನಾಳೆ ಆ ಹುಡುಗಿ ಅದನ್ನ ಹಾಕ್ಕೊಂಡು ಬಂದಾಗ ಎಲ್ಲರೂ ಅವಳ ಕಾಲು ನೋಡ್ತಾರೆ, ಅಲ್ವಾ?"

ಡೆಲ್ಫಿ ಮುಖ ಸಣ್ಣದು ಮಾಡಿಕೊಂಡಳು. ಮಗು ಖುಷಿಯಾಗಿ ಬಂದಿದ್ದನ್ನು ಕೆಡಿಸಿದೆಯಲ್ಲ ಎಂದು ನಾನು ಅವನಿಗೆ ಎರಡು ದಿನ ಬೈದೆ.

ಈಗ ಹರಕೆಯ ವಿಷಯಕ್ಕೆ ಬರುತ್ತೇನೆ. ಡೆಲ್ಫಿಗೆ ಏಳು ವರ್ಷವಿದ್ದಾಗ ಮಲೇರಿಯಾ ತಲೆಗೇರಿ ಮೂರು ದಿನ ಎಚ್ಚರವಿಲ್ಲದೆ ಬಿದ್ದಿದ್ದಳು. ನಾಲ್ಕನೇ ದಿನ ಬೆಳಗ್ಗೆ ಗೊರ್ಗೊ ತುವಾನ್ ಮಾಳ ಗುಡಿಗೆ, ಅಂದರೆ ನಮ್ಮ ಮಾತೆ ಮರಿಯಮ್ಮನ ಗುಡಿಗೆ ಹೋಗಿ ಬಂದ. ಮಧ್ಯಾಹ್ನ ಮಗು ಕಣ್ಣು ಬಿಟ್ಟು ಗಂಜಿ ಕೇಳಿತು. "ಏನು ಹರಸ್ಕೊಂಡೆ?" ಎಂದು ಕೇಳಿದರೆ, "ಹರಸ್ಕೊಂಡವನು ನಾನು. ನಿನಗ್ಯಾಕೆ?" ಅಂದ. ಐದು ವರ್ಷ ಅದರ ಸುದ್ದಿಯೇ ಇಲ್ಲ. ನಾನೂ ಮರೆತೆ.

ನಮ್ಮೂರಿನ ಶುಭ ಶುಕ್ರವಾರದ ಮೆರವಣಿಗೆಯಲ್ಲಿ ಸತ್ತ ಸ್ವಾಮಿಯ ಮೂರ್ತಿಯಿರುವ ಪೆಟ್ಟಿಗೆಯನ್ನು ಹೊರುವವರು ನಾಲ್ವರು ಲಕಾದೆಮುಗಳು. ಸ್ವಾಮಿಯನ್ನು ಶಿಲುಬೆಯಿಂದ ಇಳಿಸಿ ಹೂಳಿದವರ ನೆನಪಿಗೆ ಅವರು. ಬಿಳಿ ನಿಲುವಂಗಿ, ಚೂಪು ಟೋಪಿ, ಮುಖದ ಮೇಲೆ ಬಟ್ಟೆ. ಕಣ್ಣಿನ ಜಾಗದಲ್ಲಿ ಎರಡು ತೂತು, ಕೆಳಗೆ ಬರಿಗಾಲು, ಅಷ್ಟೆ. ಅವರು ಯಾರು ಎಂದು ಆರಿಸುವ ಹಿರಿಯರನ್ನು ಬಿಟ್ಟು ಯಾರಿಗೂ ಗೊತ್ತಾಗುವ ಹಾಗಿಲ್ಲ. ಹೆಂಡತಿಗೂ ಇಲ್ಲ, ಮಕ್ಕಳಿಗೂ ಇಲ್ಲ. ಗೊತ್ತಾದರೆ ಹರಕೆ ಸಂದ ಹಾಗಲ್ಲ ಎಂದು ನಮ್ಮ ಅಜ್ಜಿಯರ ಕಾಲದಿಂದಲೂ ಮಾತಿದೆ. ಅದಕ್ಕಾಗಿ ಗಂಡಸರು ವರ್ಷಗಟ್ಟಲೆ ಕಾಯುತ್ತಾರೆ.

ಡೆಲ್ಫಿಗೆ ಹನ್ನೆರಡು ತುಂಬಿದ ವರ್ಷ ತಪಸ್ಸುಕಾಲದ, ಅಂದರೆ ಶುಭ ಶುಕ್ರವಾರಕ್ಕೆ ಮುಂಚಿನ ಉಪವಾಸದ ದಿನಗಳ, ಕೊನೆಯ ವಾರ ಒಂದು ವಿಚಿತ್ರ ನಡೆಯಿತು. ನನ್ನ ಗಂಡ ಕಾಲು ತೊಳೆಯತೊಡಗಿದ! ಇಪ್ಪತ್ತು ವರ್ಷ ಒಡೆದ ಹಿಮ್ಮಡಿಯಲ್ಲೇ ಸಂಸಾರ ಮಾಡಿದ ಮನುಷ್ಯ ಬಾವಿಕಟ್ಟೆಯ ಮೇಲೆ ಕುಳಿತು ತೆಂಗಿನ ನಾರಿನಿಂದ ಪಾದ ಉಜ್ಜುತ್ತಿದ್ದಾನೆ. ಸೋಮವಾರ ಉಜ್ಜಿದ, ಮಂಗಳವಾರ ಉಜ್ಜಿದ. ಉಗುರು ಕತ್ತರಿಸಿಕೊಂಡ. ಮೊದಲು ನನಗೆ ಬೇರೆಯೇ ಅನುಮಾನ ಬಂತು ಅನ್ನಿ. ಆಮೇಲೆ ಯೋಚಿಸಿದೆ. ತಲೆಯಿಂದ ಕಾಲಿನವರೆಗೂ ಮುಚ್ಚಿಕೊಂಡು ಬರಿಗಾಲಲ್ಲಿ ನಡೆಯುವವರು ಊರಲ್ಲಿ ಎಷ್ಟು ಜನ? ನಾಲ್ಕು ಜನ. ಬಟ್ಟೆ ಒಗೆಯುತ್ತಿದ್ದ ನನ್ನ ಕೈ ನೀರಲ್ಲೇ ನಿಂತುಹೋಯಿತು. ಐದು ವರ್ಷದ ಹಿಂದಿನ ಹರಕೆ ಏನೆಂದು ಆಗ ತಿಳಿಯಿತು. ಅಯ್ಯೋ ದೇವರೇ, ಇಂಥ ಮಾತನ್ನು ತಾರ್ಸಿಯ ಹೊಟ್ಟೆಗೆ ಹಾಕಿಬಿಟ್ಟೆಯಲ್ಲ ಎಂದು ಮೊರೆಯಿಟ್ಟೆ.

ಸಂಕಟ ಅಲ್ಲಿಗೇ ಮುಗಿಯಲಿಲ್ಲ. ಅದೇ ವರ್ಷ ಡೆಲ್ಫಿಯನ್ನು ಹಾಡಲು ಆರಿಸಿದ್ದರು. ಮೆರವಣಿಗೆ ದಾರಿಯಲ್ಲಿ ಎಂಟು ಕಡೆ ಅರ್ಮಿದಾ, ಅಂದರೆ ದಾರಿಬದಿಯ ಪೀಠದ ಮುಂದೆ ನಿಲ್ಲುತ್ತದೆ. ಅಲ್ಲಿ ಒಬ್ಬ ಹೆಣ್ಣುಮಗಳು ತಲೆಗೆ ಮುಸುಕು ಹಾಕಿ ಎತ್ತರದ ಮಣೆಯ ಮೇಲೆ ನಿಂತು, ಸ್ವಾಮಿಯ ಮುಖದ ಚಿತ್ರವಿರುವ ಬಟ್ಟೆಯನ್ನು ಬಿಡಿಸುತ್ತ ಹಳೆಯ ಲ್ಯಾಟಿನ್ ಹಾಡು ಹೇಳಬೇಕು. ವಾದ್ಯವಿಲ್ಲ, ಜೊತೆಗಾರರಿಲ್ಲ. ನಮ್ಮ ಬೀದಿಯ ಅರ್ಮಿದಾದಲ್ಲಿ ಹಾಡುವುದು ನನ್ನ ಮಗಳು! ಈ ಸುದ್ದಿಯನ್ನು ನಾನು ಬಂದರಿನ ಈ ತುದಿಯಿಂದ ಆ ತುದಿಯವರೆಗೆ ಹಂಚಿದೆ. ಬೇಕಿಲ್ಲದವರಿಗೂ ಹೇಳಿದೆ.

ಬುಧವಾರ ಬೆಳಗ್ಗೆ ಡೆಲ್ಫಿ ಅಪ್ಪನ ಎದುರು ನಿಂತಳು.

"ಅಪ್ಪಾ, ನೀನು ನನ್ನ ಎದುರಿಗೇ ನಿಲ್ಬೇಕು. ಅಮ್ಮನ ಪಕ್ಕದಲ್ಲಿ, ಮೇಣದಬತ್ತಿ ಹಿಡ್ಕೊಂಡು. ನಿನ್ನ ಮುಖ ನೋಡ್ಕೊಂಡು ಹಾಡ್ತೀನಿ. ಅಷ್ಟು ಜನರನ್ನ ನೋಡಿದ್ರೆ ನನಗೆ ಬಾಯಿ ಕಟ್ಟೋಗುತ್ತೆ."

ಅವನ ಮುಖ ನೋಡಬೇಕಿತ್ತು ನೀವು. "ಅಮ್ಮ ಇರ್ತಾಳಲ್ಲ ಓವಾ."

"ಅಮ್ಮನ್ನ ನೋಡಿದ್ರೆ ಇನ್ನೂ ಭಯ ಆಗುತ್ತೆ. ನೀನು ಬರ್ತೀಯೋ ಇಲ್ವೋ ಹೇಳು."

"ನಿಲ್ತೀನಿ ಅಂತ ಮಾತು ಕೊಡಕ್ಕಾಗಲ್ಲ. ಕೆಲಸ ಇದೆ."

"ಶುಭ ಶುಕ್ರವಾರ ಐಸ್ ಕಾರ್ಖಾನೆ ಮುಚ್ಚಿರುತ್ತೆ ಅಪ್ಪಾ! ಯಾವ ಕೆಲಸ?"

ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. ನಿಜ ಹೇಳುವ ಹಾಗಿರಲಿಲ್ಲ. ಮಗಳ ಜೀವಕ್ಕಾಗಿ ಹೊತ್ತ ಹರಕೆ, ಈಗ ಅದೇ ಮಗಳ ಕಣ್ಣಲ್ಲಿ ಅವನನ್ನು ಸಣ್ಣವನನ್ನಾಗಿ ಮಾಡುತ್ತಿತ್ತು. ನನ್ನ ನಾಲಿಗೆ ಹಲ್ಲಿಗೆ ಬಂದು ತಾಗಿತು. ಕಚ್ಚಿ ಹಿಡಿದೆ. ಹೇಳಿಬಿಟ್ಟರೆ ಅವನು ಐದು ವರ್ಷ ಕಾದದ್ದು ನೀರುಪಾಲು. ಹೇಳದಿದ್ದರೆ ಮಗಳು ಅಪ್ಪನನ್ನು ಕ್ಷಮಿಸುವುದಿಲ್ಲ, ಮಣೆಯ ಮೇಲೆ ಬಾಯಿ ಕಟ್ಟಿ ನಿಂತರೆ ಆ ಗಾಯ ಜನ್ಮಪೂರ್ತಿ ಉಳಿಯುತ್ತದೆ. ಎತ್ತ ಹೋದರೂ ಹಳ್ಳ.

ಬುಧವಾರ ಸಂಜೆ ಡಬ್ಬ, ತಗಡು ಬಡಿದು, ಸ್ವಾಮಿಗೆ ದ್ರೋಹ ಬಗೆದ ಜುದಾಸನನ್ನು ಓಡಿಸಿದ ಮೇಲೆ ನಮ್ಮೂರು ಮೌನಕ್ಕೆ ಇಳಿಯುತ್ತದೆ. ಸುತ್ತಿಗೆ ಸದ್ದಿಲ್ಲ, ರೇಡಿಯೊ ಇಲ್ಲ, ಜೋಳ ಕುಟ್ಟುವುದಿಲ್ಲ, ಮಕ್ಕಳಿಗೆ ಗದರುವುದೂ ಮೆಲ್ಲಗೆ. ಗುರುವಾರ ಗಂಡಸರು ಬೀದಿಯುದ್ದಕ್ಕೂ ಬಿದಿರಿನ ಬೇಲಿ ನೆಟ್ಟು ಮೇಣದಬತ್ತಿ ಕೂರಿಸುವಾಗ ಕೂಡ ಕನಸಿನಲ್ಲಿ ಕೆಲಸ ಮಾಡುವವರ ಹಾಗೆ ಓಡಾಡುತ್ತಾರೆ. ಆ ದಿನಗಳಲ್ಲಿ ಸಮುದ್ರವೂ ದಡಕ್ಕೆ ಬರುವಾಗ ಸದ್ದು ಮಾಡುವುದಿಲ್ಲವೆಂದು ನನಗೆ ಚಿಕ್ಕಂದಿನಿಂದ ಅನ್ನಿಸಿದೆ. ಬೇರೆ ವರ್ಷಗಳಲ್ಲಿ ಆ ಮೌನ ನನಗೊಂದು ಶಿಕ್ಷೆ. ಆ ವರ್ಷ ಅದೇ ನನ್ನನ್ನು ಕಾಪಾಡಿತು. ಇಡೀ ಊರೇ ಬಾಯಿ ಮುಚ್ಚಿಕೊಂಡಿದ್ದಾಗ ನಾನೊಬ್ಬಳು ಹೇಗೆ ಬಿಡಲಿ?

ಡೆಲ್ಫಿ ಅಪ್ಪನ ಜೊತೆ ಮಾತು ಬಿಟ್ಟಳು. ಶುಕ್ರವಾರ ಮಧ್ಯಾಹ್ನ ಅವನು ಯಾರಿಗೂ ಹೇಳದೆ ಮನೆಯಿಂದ ಹೊರಟ. ಬಾಗಿಲಲ್ಲಿ ಒಂದು ಗಳಿಗೆ ನಿಂತು ಮಗಳ ಬೆನ್ನು ನೋಡಿದ. ಅವಳು ತಿರುಗಲಿಲ್ಲ.

ಕತ್ತಲಾಯಿತು. ಊರಿಗೆಲ್ಲ ಮೇಣದ ವಾಸನೆ. ಸಾವಿರಾರು ಪುಟ್ಟ ಬೆಳಕುಗಳ ನಡುವೆ ಜನ ಹರಿದು ಬಂದರು, ಹೆಜ್ಜೆಯ ಸದ್ದು ಮಾತ್ರ, ದೂರದಲ್ಲಿ ಜಪಸರದ ಗುಂಯ್‌ಗುಡುವಿಕೆ. ನಾನು ನಮ್ಮ ಅರ್ಮಿದಾದ ಎದುರು ಸಣ್ಣವರಿಬ್ಬರನ್ನು ಹಿಡಿದುಕೊಂಡು ನಿಂತಿದ್ದೆ. ನನ್ನ ಬಲಗಡೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಖಾಲಿ. ಮೊಡೆಸ್ತಾ ಹಿಂದಿನಿಂದ ಕಿವಿಯ ಹತ್ತಿರ ಬಂದು, "ಎಲ್ಲಿ ತಾರ್ಸಿ, ನಿಮ್ಮ ಯಜಮಾನ್ರು? ಮಗಳು ಹಾಡೋ ದಿನಾನೂ ಹೆಂಡದ ಮಡಕೆ ಬಿಟ್ಟು ಬರಕ್ಕಾಗ್ಲಿಲ್ವಾ?" ಅಂದಳು. ತಾರ್ಸಿ ಉತ್ತರ ಕೊಡದಿದ್ದುದನ್ನು ಕಂಡು ಮೊಡೆಸ್ತಾಳಿಗೇ ಹೆದರಿಕೆಯಾಗಿರಬೇಕು, ಹಿಂದೆ ಸರಿದಳು.

ಬೆಳಕಿನ ಹೊಳೆಯ ನಡುವೆ ನಾಲ್ಕು ಬಿಳಿ ಆಕೃತಿಗಳು ತೇಲಿಬಂದವು. ಪೆಟ್ಟಿಗೆ ನಮ್ಮ ಮುಂದೆ ನಿಂತಿತು. ಡೆಲ್ಫಿಯ ಮಣೆಗೂ ಹೊರುವವರಿಗೂ ನಾಲ್ಕು ಹೆಜ್ಜೆ ದೂರವಿರಬಹುದು. ನಾನು ಮುಖ ನೋಡಲಿಲ್ಲ, ಪಾದ ನೋಡಿದೆ. ಮುಂದಿನ ಸಾಲಿನಲ್ಲಿ ಎಡಕ್ಕೆ ನಿಂತವನ ಪಾದ ಉಜ್ಜಿ ಉಜ್ಜಿ ಬೆಳ್ಳಗಾಗಿತ್ತು. ಕಣ್ಣು ತುಂಬಿ ಎಲ್ಲ ಬೆಳಕುಗಳೂ ಒಂದಕ್ಕೊಂದು ಅಂಟಿಕೊಂಡವು.

ಮಣೆಯ ಮೇಲೆ ಡೆಲ್ಫಿ ಬಟ್ಟೆಯ ಸುರುಳಿ ಹಿಡಿದು ನಿಂತಿದ್ದಳು. ಅವಳ ಕಣ್ಣು ನನ್ನ ಬಲಗಡೆಯ ಖಾಲಿ ಜಾಗಕ್ಕೆ ಬಂದು ನಿಂತಿತು. ಬಾಯಿ ತೆರೆದಳು, ಸ್ವರ ಬರಲಿಲ್ಲ. ಮತ್ತೆ ತೆರೆದಳು. ಇಲ್ಲ. ಜನ ಕಾದರು. ನಮ್ಮ ಬೀದಿ ಅಷ್ಟು ನಿಶ್ಶಬ್ದವಾಗಿದ್ದುದನ್ನು ನಾನು ಹಿಂದೆಯೂ ಕಂಡಿಲ್ಲ, ಮುಂದೆಯೂ ಕಂಡಿಲ್ಲ. ಬತ್ತಿಗಳು ಚಟಚಟ ಅನ್ನುವುದು ಕೇಳಿಸುತ್ತಿತ್ತು. ಅಲ್ಲೇ ಇದ್ದಾನೆ ಕಣೇ ನಿನ್ನಪ್ಪ, ನಿನ್ನ ಮುಂದೆಯೇ ಇದ್ದಾನೆ ಎಂದು ಕೂಗಿಬಿಡಬೇಕು ಅನ್ನಿಸಿತು. ಹೊದ್ದ ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡೆ.

ಆಮೇಲೆ ಹೇಗೋ ಅವಳ ಸ್ವರ ಎದ್ದಿತು. ಮೊದಲು ದಾರದಷ್ಟು ಸಣ್ಣಗೆ, ಆಮೇಲೆ ಬೀದಿ ತುಂಬ. ಬಟ್ಟೆ ಮೆಲ್ಲಗೆ ಬಿಡಿಸಿಕೊಂಡಿತು, ಸ್ವಾಮಿಯ ಮುಖ ಬೆಳಕಿಗೆ ಬಂತು. ಪಕ್ಕದಲ್ಲಿದ್ದ ಮುದುಕ ಟೋಪಿ ತೆಗೆದು ಅತ್ತ. ಹಾಡು ಮುಗಿದಾಗ ಪೆಟ್ಟಿಗೆ ಎದ್ದಿತು, ಬಿಳಿ ನಿಲುವಂಗಿಗಳು ಹೊಗೆಯಲ್ಲಿ ಕರಗಿದವು.

ಶನಿವಾರ ಬೆಳಗ್ಗೆ ಗೊರ್ಗೊ ಅಂಗಳದಲ್ಲಿ ಕುಳಿತಿದ್ದ. ಯಾವಾಗ ಬಂದನೋ. ಕುತ್ತಿಗೆ ಒಂದು ಕಡೆ ತಿರುಗುತ್ತಿರಲಿಲ್ಲ. ಡೆಲ್ಫಿ ಒಳಗಿನಿಂದ ಬಂದವಳೇ ಸೊಂಟಕ್ಕೆ ಕೈಯಿಟ್ಟು ನಿಂತಳು. ನಿಲುವು ನನ್ನದೇ.

"ಎಲ್ಲರ ಅಪ್ಪಂದಿರೂ ಇದ್ರು. ನೀನೊಬ್ನೇ ಇರ್ಲಿಲ್ಲ. ನಿನಗೆ ನಾಚಿಕೆ ಆಗಲ್ವಾ? ಎಲ್ಲಿ ಬಿದ್ದಿದ್ದೆ?"

ಬೇಲಿಯಾಚೆ ಮೊಡೆಸ್ತಾ ಒಗೆದ ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು. ಗೊರ್ಗೊ ತಲೆ ಬಗ್ಗಿಸಿದ. "ಚೆನ್ನಾಗಿ ಹಾಡ್ದೆ ಅಂತ ಎಲ್ಲರೂ ಹೇಳ್ತಿದ್ರು ಓವಾ," ಅಂದ ಮೆಲ್ಲಗೆ.

"ಎಲ್ಲರೂ ಹೇಳೋದು ಯಾರಿಗೆ ಬೇಕು? ನೀನು ಕೇಳಿದ್ಯಾ?"

ಸಾಕು. ನನ್ನಿಂದ ಇನ್ನು ಆಗುವುದಿಲ್ಲ. ಹರಕೆ ಹಾಳಾಗಲಿ, ನರಕಕ್ಕೆ ಹೋಗುವುದಾದರೆ ನಾನೇ ಹೋಗುತ್ತೇನೆ, ಈ ಮನುಷ್ಯನನ್ನು ಅವನ ಮಗಳೇ ಹೀಗೆ ತುಳಿಯುವುದನ್ನು ನೋಡಲಾರೆ. ಅವಳ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಚ್ಚಿದೆ.

"ಕೇಳು, ನಿನ್ನಪ್ಪ..."

ಅವಳು ತನ್ನ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು.

"ಬೇಡಮ್ಮ. ಹೇಳ್ಬೇಡ."

ನಾನು ಅವಳ ಕೈ ಸರಿಸಿದೆ. "ಏನು ಹೇಳ್ಬೇಡ? ನಿನಗೇನು ಗೊತ್ತು?"

"ನನಗೆ ಸ್ವರ ಬರ್ಲಿಲ್ಲ ನೋಡು, ಆಗ," ಅಂದಳು ಪಿಸುದನಿಯಲ್ಲಿ. "ಮುಂದೆ ಎಡಗಡೆ ಇದ್ದ ಲಕಾದೆಮು ಮುಸುಕಿನ ಒಳಗೆ ಗುನುಗಿದ್ರು. ಮೊದಲ್ನೇ ಸಾಲು. ಎಷ್ಟು ಮೆಲ್ಲಗೆ ಅಂದ್ರೆ ನನಗೊಬ್ಬಳಿಗೇ ಕೇಳ್ಸಿದ್ದು."

"ಯಾರೋ ಪುಣ್ಯಾತ್ಮ ಇರ್ಬೇಕು."

"ಪೂರ್ತಿ ಅಪಸ್ವರ ಅಮ್ಮ! ಅಷ್ಟು ಕೆಟ್ಟದಾಗಿ ಗುನುಗೋರು ಈ ಊರಲ್ಲಿ ಒಬ್ರೇ ಇರೋದು."

ನಗು ಬಂತೋ ಅಳು ಬಂತೋ ನನಗೆ ತಿಳಿಯಲಿಲ್ಲ. ಒಲೆಯ ಪಕ್ಕ ಕುಳಿತೆ. ಅವಳೂ ಕುಳಿತಳು. ಇಬ್ಬರೂ ಸದ್ದಾಗದ ಹಾಗೆ ಅತ್ತೆವು.

"ಹಾಗಾದ್ರೆ ಹೊರಗೆ ಯಾಕೆ ಹಾಗೆ ಬೈದೆ, ಪಾಪಿ?"

"ಬೈಯದೆ ಸುಮ್ನಿದ್ರೆ ಅಪ್ಪಂಗೆ ಗೊತ್ತಾಗ್ಬಿಡುತ್ತೆ, ನನಗೆ ಗೊತ್ತು ಅಂತ."

ಹನ್ನೆರಡು ವರ್ಷದ ಹುಡುಗಿ. ಅವಳು ಕಣ್ಣು ಒರೆಸಿಕೊಂಡು ಎದ್ದು ಒಲೆಯ ಮೇಲಿದ್ದ ಬಿಸಿನೀರನ್ನು ಬಕೆಟ್ಟಿಗೆ ಸುರಿದಳು, ಬೆರಳು ಅದ್ದಿ ನೋಡಿದಳು, ಸ್ವಲ್ಪ ತಣ್ಣೀರು ಬೆರೆಸಿದಳು. ಆಮೇಲೆ ಅದನ್ನು ಹೊತ್ತುಕೊಂಡು ಹೊರಗೆ ಹೋಗಿ ಅವನ ಮುಂದೆ ಕುಕ್ಕಿದಳು. "ಇನ್ನೊಂದು ಸಲ ಹೀಗೆ ಮಾಡಿದ್ರೆ ನಿನ್ನ ಜೊತೆ ಮಾತೇ ಆಡಲ್ಲ, ತಿಳೀತಾ?" ಎಂದು ಬೇಲಿಯಾಚೆಗೂ ಕೇಳುವ ಹಾಗೆ ಗದರಿದಳು.

"ತಪ್ಪಾಯ್ತು ಓವಾ," ಅಂದ ಗೊರ್ಗೊ.

"ಸರಿಯಾಗಿ ಹೇಳ್ದೆ ಬಿಡು ಮಗಳೇ," ಅಂದಳು ಮೊಡೆಸ್ತಾ.

ಅವನು ಅಂಗಿ ಬಿಚ್ಚಲು ಹೋದಾಗ ಅದು ರಕ್ತ ಒಣಗಿ ಎಡಭುಜಕ್ಕೆ ಅಂಟಿಕೊಂಡಿತ್ತು. ಡೆಲ್ಫಿ ಬೈಯುತ್ತ ಬೈಯುತ್ತಲೇ ಬಟ್ಟೆ ಅದ್ದಿ, ಅವನಿಗೆ ನೋವಾಗದ ಹಾಗೆ, ಅಂಗಿಯನ್ನು ಸ್ವಲ್ಪ ಸ್ವಲ್ಪವಾಗಿ ನೆನೆಸಿ ಬಿಡಿಸಿದಳು.